ಪುಟ ಬಿಟ್ಟ ಮೇಲೂ ಮುಗಿಯದ ಸುದ್ದಿ

ಶಿವಮೊಗ್ಗದಲ್ಲಿ ಕನ್ನಡ ದಿನಪತ್ರಿಕೆಯೊಂದರ ಜಿಲ್ಲಾ ಆವೃತ್ತಿಯ ಡೆಸ್ಕಿನಲ್ಲಿ 18 ವರ್ಷ ಕೆಲಸ ಮಾಡಿದ ಮೇಲೆ, 2019ರ ಜನವರಿಯಲ್ಲಿ ನನ್ನನ್ನು ಅದೇ ಪತ್ರಿಕೆಯ ಡಿಜಿಟಲ್ ವಿಭಾಗಕ್ಕೆ ವರ್ಗ ಮಾಡಲಾಯಿತು. ಊರು ಬದಲಾಗಲಿಲ್ಲ, ಕಟ್ಟಡವೂ ಬದಲಾಗಲಿಲ್ಲ; ಕಿಟಕಿಯ ಪಕ್ಕದ ಮೇಜಿನಿಂದ ನಾಲ್ಕು ಮೇಜು ಆಚೆಗೆ ಹೋಗಿ ಕುಳಿತೆ. ಆದರೆ ಸುದ್ದಿಯೊಂದು ಯಾವಾಗ ಮುಗಿಯುತ್ತದೆ, ಅದನ್ನು ಓದುವವರು ಯಾರು ಎಂಬುದನ್ನು ಅಲ್ಲಿ ಮೊದಲಿನಿಂದ ಕಲಿಯಬೇಕಾಯಿತು. ಹಾಗೆ ಕಲಿಯುವ ಹೊತ್ತಿನಲ್ಲಿ ಮಾಡಿದ ಒಂದು ತಪ್ಪು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅದನ್ನು ಹೇಳುವ ಮೊದಲು ನಾನು ಎಲ್ಲಿಂದ ಬಂದೆ ಎಂಬುದನ್ನು ಹೇಳಬೇಕು.

ಅಚ್ಚಿನ ಡೆಸ್ಕಿನಲ್ಲಿ ದಿನಕ್ಕೊಂದು ಕೊನೆಯಿತ್ತು. ಮಧ್ಯಾಹ್ನ ಮೂರರ ನಂತರ ತಾಲ್ಲೂಕು ವರದಿಗಾರರ ಸುದ್ದಿಗಳು ಬರತೊಡಗುತ್ತಿದ್ದವು. ಸೊರಬ, ಹೊಸನಗರದಂತಹ ದೂರದ ತಾಲ್ಲೂಕುಗಳಿಗೆ ಹೋಗುವ ಪುಟಗಳನ್ನು ರಾತ್ರಿ ಹತ್ತಕ್ಕೆ, ನಗರದ ಪುಟವನ್ನು ಹನ್ನೆರಡಕ್ಕೆ ಬಿಡಬೇಕಿತ್ತು. ಸಿದ್ಧವಾದ ಪುಟವನ್ನು ಮುದ್ರಣಕ್ಕೆ ಕಳಿಸುವುದಕ್ಕೆ ನಮ್ಮ ಡೆಸ್ಕಿನ ಮಾತು ‘ಪುಟ ಬಿಡುವುದು’. ಒಮ್ಮೆ ಬಿಟ್ಟು, ಅದು ಪ್ಲೇಟಾದ ಮೇಲೆ ಒಂದು ಅಲ್ಪವಿರಾಮವನ್ನೂ ಮುಟ್ಟುವಂತಿರಲಿಲ್ಲ. ಆದ್ದರಿಂದ ಬಿಡುವುದಕ್ಕೆ ಮುಂಚಿನ ಹತ್ತು ನಿಮಿಷ ಇಡೀ ಡೆಸ್ಕು ಮೈಯೆಲ್ಲ ಕಣ್ಣಾಗಿರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಇನ್ನೊಬ್ಬರು ಮೂಲ ಪ್ರತಿಯ ಮೇಲೆ ಬೆರಳಿಟ್ಟು ಹೆಸರು, ವಯಸ್ಸು, ಊರು, ಮೊತ್ತಗಳನ್ನು ತಾಳೆ ನೋಡುತ್ತಿದ್ದರು. ನಾವು ಎಲ್ಲಕ್ಕಿಂತ ಹೆಚ್ಚು ಭಯದಿಂದ ನೋಡುತ್ತಿದ್ದದ್ದು ಅಡಿಕೆ ಧಾರಣೆಯ ಪಟ್ಟಿಯನ್ನು. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು, ಸಾಗರದ ಚಾಲಿ, ಬಿಳಿಗೋಟು, ಕೆಂಪುಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಕ್ವಿಂಟಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಕೊಡಬೇಕಿತ್ತು. ಮಳೆಗಾಲ ಬಂದರೆ ಅದರ ಪಕ್ಕದಲ್ಲೇ ಜಲಾಶಯಗಳ ಮಟ್ಟ: ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಭದ್ರಾದ್ದು 186 ಅಡಿ, ಇವತ್ತಿನದು ಇಷ್ಟು. ಮುಖಪುಟದಲ್ಲಿ ತಪ್ಪಾದರೆ ಬೆಂಗಳೂರಿನ ಕಚೇರಿಯಿಂದ ಫೋನ್ ಬರುತ್ತಿತ್ತು. ಧಾರಣೆಯಲ್ಲಿ ತಪ್ಪಾದರೆ ಮೊದಲ ಬಸ್ಸು ಊರು ಮುಟ್ಟಿದ ಅರ್ಧ ಗಂಟೆಯೊಳಗೆ ತೋಟದ ಮನೆಗಳಿಂದಲೇ ಬರುತ್ತಿತ್ತು. ನನಗೆ ಎರಡನೆಯದೇ ಹೆಚ್ಚು ಕಷ್ಟದ್ದು. ಮಾಡಿದ ತಪ್ಪಿಗೆ ಮರುದಿನ ಅದೇ ಪುಟದಲ್ಲಿ ‘ತಿದ್ದುಪಡಿ’ ಎಂಬ ತಲೆಬರಹದಡಿ ನಾಲ್ಕು ಸಾಲು ಹಾಕಿ, ಅದು ಅಚ್ಚಾದದ್ದನ್ನು ಬೆಳಿಗ್ಗೆ ನೋಡುವವರೆಗೆ ಮನಸ್ಸು ತಿಳಿಯಾಗುತ್ತಿರಲಿಲ್ಲ.

ಸಾಗರದಲ್ಲಿ ನಮ್ಮ ಏಜೆಂಟರೊಬ್ಬರಿದ್ದರು. ಬೆಳಗಿನ ನಾಲ್ಕೂವರೆಗೆ ಬಸ್ ನಿಲ್ದಾಣದಲ್ಲಿ ಬಂಡಲ್ ಇಳಿಸಿಕೊಂಡು, ಪುರವಣಿ ಸೇರಿಸಿ, ಪೇಪರ್ ಹಾಕುವ ಹುಡುಗರ ಸೈಕಲ್ಲಿಗೆ ಹಂಚುವ ಕೆಲಸವನ್ನು ಅವರು ನಲವತ್ತು ವರ್ಷ ಮಾಡಿದ್ದರು. ಯಾವ ಮನೆಗೆ ಎಷ್ಟು ಪ್ರತಿ, ಯಾರು ತಿಂಗಳ ಹಣ ಬಾಕಿ ಇಟ್ಟಿದ್ದಾರೆ, ಯಾರ ಮನೆಯ ಹಿರಿಯರು ತೀರಿಕೊಂಡ ಮೇಲೆ ಪತ್ರಿಕೆ ನಿಂತಿತು ಎಂಬುದೆಲ್ಲ ಅವರ ಬಾಯಲ್ಲಿತ್ತು. ನಮಗೆ ಓದುಗರ ಪರಿಚಯವೆಂದರೆ ಅವರ ಮೂಲಕ ಬಂದದ್ದೇ. ‘ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಪೇಪರ್ ಎಂತಕ್ಕೆ ಅಂತಾರೆ ಮೇಡಂ’ ಎಂದು ಅವರು ಮೊದಲ ಬಾರಿ ಹೇಳಿದ್ದು 2017ರಲ್ಲಿ ಎಂದು ನೆನಪು. ಅದರ ಹಿಂದಿನ ಸೆಪ್ಟೆಂಬರಿನಲ್ಲಿ ಜಿಯೊ ಬಂದು, ಅಗ್ಗದ ಇಂಟರ್‌ನೆಟ್ ಮಲೆನಾಡಿನ ಮೂಲೆಮೂಲೆಗೆ ಹರಡತೊಡಗಿತ್ತು. ಮಧ್ಯಾಹ್ನ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿಯುತ್ತಿದ್ದಂತೆ ಧಾರಣೆ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ನಾವು ಅಷ್ಟು ಜೋಪಾನವಾಗಿ ಅಚ್ಚು ಹಾಕಿ ಕೊಡುತ್ತಿದ್ದದ್ದು ಅವರಿಗೆ ಆಗಲೇ ಹಳೆಯದು.

ಪತ್ರಿಕೆಯ ಲೆಕ್ಕಾಚಾರ ಹೊರಗಿನವರಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಒಂದು ಪ್ರತಿಗೆ ತಗಲುವ ಕಾಗದ, ಶಾಯಿ, ಸಾಗಣೆಯ ಖರ್ಚು ಓದುಗರು ಕೊಡುವ ಬೆಲೆಗಿಂತ ಹೆಚ್ಚು. ಆ ಕೊರತೆಯನ್ನು ತುಂಬುತ್ತಿದ್ದದ್ದು ಜಾಹೀರಾತು. ವಧು-ವರ, ಬಾಡಿಗೆ ಮನೆ, ಹಳೆ ಕಾರು ಮಾರಾಟದಂತಹ ಸಣ್ಣ ಜಾಹೀರಾತುಗಳು ಒಂದೊಂದಾಗಿ ಫೋನಿಗೆ ಹೋದವು. ಕಾಗದದ ಕಥೆ ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ ನೋವು. ಮೈಸೂರು ಅರಸರ ಕಾಲದಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಪತ್ರಿಕೆಗಳ ಮುದ್ರಣ ಕಾಗದವನ್ನೇ ತಯಾರಿಸುತ್ತಿತ್ತು. ನಷ್ಟದಲ್ಲಿ ಸೊರಗಿ 2015ರಲ್ಲಿ ಅದರ ಉತ್ಪಾದನೆ ನಿಂತಿತು. ಹೊರದೇಶದಿಂದ ಬರುವ ಮುದ್ರಣ ಕಾಗದದ ಮೇಲೆ 2019ರ ಜುಲೈ ಬಜೆಟ್ಟಿನಲ್ಲಿ ಶೇ 10ರಷ್ಟು ಸುಂಕ ಹಾಕಿದರು, ಮರುವರ್ಷ ಅದನ್ನು ಶೇ 5ಕ್ಕೆ ಇಳಿಸಿದರು. ನಮ್ಮ ಆವೃತ್ತಿಯಲ್ಲಿ ಪುಟಗಳು ಕಡಿಮೆಯಾದದ್ದು, ಇಬ್ಬರು ಮಾಡುತ್ತಿದ್ದ ಕೆಲಸ ಒಬ್ಬರ ಮೇಲೆ ಬಿದ್ದದ್ದು, ನನಗೆ ವರ್ಗವಾದದ್ದು ಎಲ್ಲವೂ ಇದೇ ಲೆಕ್ಕದ ಭಾಗ.

ಹೊಸ ಮೇಜಿನಲ್ಲಿ ಮೊದಲು ಎದುರಾದದ್ದು ಅಕ್ಷರದ ತೊಡಕು. ನಮ್ಮ ಅಚ್ಚಿನ ಪುಟಗಳು ಇನ್ನೂ ಹಳೆಯ ಫಾಂಟುಗಳಲ್ಲಿದ್ದವು, ಅಂತರ್ಜಾಲಕ್ಕೆ ಬೇಕಾದದ್ದು ಎಲ್ಲ ಕಂಪ್ಯೂಟರ್, ಫೋನುಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಅಕ್ಷರ. ಪರಿವರ್ತಿಸುವ ತಂತ್ರಾಂಶಕ್ಕೆ ಹಾಕಿದರೆ ಒತ್ತಕ್ಷರಗಳು ಸ್ಥಾನಪಲ್ಲಟವಾಗುತ್ತಿದ್ದವು, ಅರ್ಕಾವತ್ತು ಕನ್ನಡದ ಅಂಕಿ ಒಂಬತ್ತಾಗಿ ‘ಕನಾ೯ಟಕ’ ಎಂದು ಬರುತ್ತಿತ್ತು. ನೋಡುವವರ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ‘ಕರ್ನಾಟಕ’ ಎಂದು ಹುಡುಕಿದವರಿಗೆ ಆ ಸುದ್ದಿ ಸಿಗುತ್ತಲೇ ಇರಲಿಲ್ಲ. ನಮ್ಮ ಪತ್ರಿಕೆಯ ಹಿಂದಿನ ವರ್ಷಗಳ ಎಷ್ಟೋ ಒಳ್ಳೆಯ ವರದಿಗಳು ಹೀಗೆ ಅಂಕಿಯ ವೇಷ ತೊಟ್ಟ ಅರ್ಕಾವತ್ತಿನ ಹಿಂದೆ ಯಾರಿಗೂ ಕಾಣದೆ ಹೂತುಹೋಗಿದ್ದವು. ಮೊದಲ ಮೂರು ತಿಂಗಳು ಬಿಡುವಾದಾಗಲೆಲ್ಲ ಅವನ್ನು ಒಂದೊಂದಾಗಿ ತೆರೆದು ತಿದ್ದಿದೆ. ಇದು ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ, ಇದರಿಂದ ಪೇಜ್ ವ್ಯೂ ಏರಿದ್ದೂ ಇಲ್ಲ. ಆದರೂ ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಅದೇ.

ತಲೆಬರಹ ಬರೆಯುವುದನ್ನೂ ಹೊಸದಾಗಿ ಕಲಿತೆ. ಅಚ್ಚಿನಲ್ಲಿ ಎರಡು ಕಾಲಂ ಅಗಲದಲ್ಲಿ ಇಷ್ಟೇ ಅಕ್ಷರ ಎಂಬ ಮಿತಿಯಿತ್ತು. ಫೋಟೊ, ಪುಟದಲ್ಲಿ ಅದು ಇರುವ ಜಾಗ, ಮೇಲಿನ ಸುದ್ದಿ ಎಲ್ಲವೂ ತಲೆಬರಹಕ್ಕೆ ಅರ್ಥ ಕೊಡುತ್ತಿದ್ದವು. ಫೋನಿನಲ್ಲಿ ತಲೆಬರಹ ಒಂಟಿಯಾಗಿ ಹೋಗುತ್ತದೆ. ಊರಿನ ಹೆಸರಿಲ್ಲದೆ ‘ಸೇತುವೆ ಮುಳುಗಡೆ’ ಎಂದು ಬರೆದರೆ ಯಾವ ಸೇತುವೆ ಎಂದು ಓದುಗರು ಗಾಬರಿಯಾಗುತ್ತಾರೆ. ಜನ ಹುಡುಕುವಾಗ ‘ಅಡಿಕೆ ಧಾರಣೆ ಇಂದು’ ಎಂಬ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ ಎಂಬುದನ್ನು ನಮ್ಮ ವಿಭಾಗದ ಹುಡುಗನೊಬ್ಬ ತೋರಿಸಿಕೊಟ್ಟ. ಅವನಿಗೆ ಆಗ 23 ವರ್ಷ. ಪತ್ರಿಕೆಯಲ್ಲಿ ನನ್ನ ಅರ್ಧದಷ್ಟೂ ಅನುಭವವಿಲ್ಲದವನಿಂದ ನಾನು ಕಲಿತದ್ದು ಬಹಳ.

ಗೋಡೆಯ ಮೇಲಿನ ಪರದೆಯಲ್ಲಿ ಈ ಕ್ಷಣ ಯಾವ ಸುದ್ದಿಯನ್ನು ಎಷ್ಟು ಜನ ಓದುತ್ತಿದ್ದಾರೆ ಎಂಬುದು ಏರಿಳಿಯುತ್ತ ಕಾಣುತ್ತಿತ್ತು. ಅದು ಒಂದು ಬಗೆಯ ಸೆಳೆತ; ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಶರಾವತಿ ಮುಳುಗಡೆ ಸಂತ್ರಸ್ತರಿಗೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಅರ್ಧ ಶತಮಾನ ಕಳೆದರೂ ಜಮೀನಿನ ಹಕ್ಕುಪತ್ರ ಸಿಗದಿರುವ ಬಗ್ಗೆ ನಮ್ಮ ವರದಿಗಾರರು ಎರಡು ವಾರ ಓಡಾಡಿ ಬರೆದ ವರದಿಯನ್ನು ಹಾಕಿದ ದಿನ, ಪರದೆಯಲ್ಲಿ ಅದರ ಸಂಖ್ಯೆ ಎರಡಂಕಿ ದಾಟಲಿಲ್ಲ. ಸಿನಿಮಾ ನಟಿಯೊಬ್ಬರ ಮದುವೆಯ ಚಿತ್ರಗಳು ಸಾವಿರಗಳಲ್ಲಿದ್ದವು. ಅಂದು ಮನಸ್ಸಿಗೆ ತುಂಬ ನೋವಾಯಿತು. ಆದರೆ ಆ ವರದಿ ಸಾಯಲಿಲ್ಲ. ಅಚ್ಚಿನ ಸುದ್ದಿ ಸಂಜೆಯ ಹೊತ್ತಿಗೆ ಬಜ್ಜಿಯ ಪೊಟ್ಟಣವಾಗುತ್ತದೆ. ಇದು ತಿಂಗಳುಗಟ್ಟಲೆ ಓಡುತ್ತಲೇ ಇತ್ತು. ಬೆಂಗಳೂರಿನಲ್ಲಿ ನೆಲೆಸಿದ ಸಂತ್ರಸ್ತ ಕುಟುಂಬದ ಮಕ್ಕಳು, ಅಮೆರಿಕದಲ್ಲಿರುವ ಮೊಮ್ಮಕ್ಕಳು ಅದನ್ನು ತಮ್ಮ ತಮ್ಮ ಗುಂಪುಗಳಲ್ಲಿ ಹಂಚಿಕೊಂಡು, ಅಜ್ಜನ ಕಾಲದ ಕಾಗದಗಳ ಫೋಟೊ ತೆಗೆದು ನಮಗೆ ಕಳಿಸತೊಡಗಿದರು. ನಮ್ಮ ಬಂಡಲ್ ಎಂದೂ ಮುಟ್ಟಲಾರದ ಓದುಗರು ಅವರು. ಡಿಜಿಟಲ್ ಮಾಧ್ಯಮವನ್ನು ಹಳಿಯುವುದಷ್ಟೇ ಹಳಬರ ಕೆಲಸ ಎಂದುಕೊಂಡವರಿಗೆ ನಾನು ಈ ವರದಿಯ ಸಂಗತಿಯನ್ನು ಹೇಳುತ್ತೇನೆ.

ಇನ್ನು ನನ್ನ ತಪ್ಪು.

ಮಲೆನಾಡು, ಕರಾವಳಿಯಲ್ಲಿ ಜುಲೈ ತಿಂಗಳ ಅತಿ ದೊಡ್ಡ ಸುದ್ದಿ ಶಾಲೆಗೆ ರಜೆ. ಮಳೆ ಜೋರಾದ ರಾತ್ರಿ ಎಂಟರಿಂದ ಹತ್ತರವರೆಗೆ ಜಿಲ್ಲೆಯ ತಂದೆತಾಯಂದಿರೆಲ್ಲ ಜಿಲ್ಲಾಧಿಕಾರಿಯ ಆದೇಶಕ್ಕಾಗಿ ಫೋನ್ ಹಿಡಿದು ಕಾಯುತ್ತಿರುತ್ತಾರೆ. 2019ರ ಮಳೆಗಾಲದಲ್ಲಿ ಅಂತಹ ಒಂದು ರಾತ್ರಿ ಎಂಟೂ ಮುಕ್ಕಾಲಿಗೆ ಆದೇಶದ ಫೋಟೊ ನನ್ನ ಫೋನಿಗೆ ಬಂತು. ಲೆಟರ್‌ಹೆಡ್ ಇತ್ತು, ಮೊಹರಿತ್ತು, ಸಹಿಯಿತ್ತು, ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಹೆಸರಿದ್ದವು. ಐದು ನಿಮಿಷದಲ್ಲಿ ಅದೇ ಫೋಟೊ ಇನ್ನೂ ನಾಲ್ಕು ಕಡೆಯಿಂದ ಬಂತು. ಅಷ್ಟು ಜನ ಕಳಿಸಿದ್ದಾರೆಂದರೆ ಖಾತ್ರಿಯೇ ಇರಬೇಕು ಎಂದುಕೊಂಡೆ. ಎಲ್ಲರೂ ಒಂದೇ ಕಡೆಯಿಂದ ಪಡೆದು ದಾಟಿಸಿದ್ದರು ಎಂಬುದು ಹೊಳೆಯಲಿಲ್ಲ. ಸುದ್ದಿ ಹಾಕಿದೆ, ನೋಟಿಫಿಕೇಶನ್ ಕಳಿಸಿದೆ. ಪರದೆಯ ಮೇಲಿನ ಸಂಖ್ಯೆ ನಾನು ಅದುವರೆಗೆ ಕಂಡಿರದಷ್ಟು ಎತ್ತರಕ್ಕೆ ಏರಿತು.

ಒಂಬತ್ತೂ ಇಪ್ಪತ್ತಕ್ಕೆ ಅಚ್ಚಿನ ಡೆಸ್ಕಿನ ಹಳೆಯ ಸಹೋದ್ಯೋಗಿ ತಮ್ಮ ಮೇಜಿನಿಂದ ಎದ್ದು ನನ್ನಲ್ಲಿಗೆ ಬಂದರು. ಪುಟ ಬಿಡುವ ಮೊದಲು ಅದೇ ಆದೇಶವನ್ನು ತಾಳೆ ನೋಡಲು ಕುಳಿತಿದ್ದ ಅವರು ಫೋಟೊವನ್ನು ಹಿಗ್ಗಿಸಿ, ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದರು. ತಿಂಗಳು, ತಾರೀಖಿನ ಅಂಕಿಗಳು ಮೇಲಿನ ಸಾಲಿನ ಅಕ್ಷರಗಳಿಗಿಂತ ಒಂದು ಕೂದಲೆಳೆಯಷ್ಟು ದಪ್ಪಗಿದ್ದವು, ಇಸವಿಯ ಕೊನೆಯ ಅಂಕಿಯ ಸುತ್ತ ಬಿಳಿ ಬಳಿದ ಗುರುತಿತ್ತು. ಅದು 2018ರ ಆದೇಶ. ಯಾರೋ ಫೋನಿನಲ್ಲೇ ತಿದ್ದಿದ್ದರು. ‘ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ’ ಎಂದಷ್ಟೇ ಅವರು ಹೇಳಿದ್ದು. ದನಿ ಏರಿಸಲಿಲ್ಲ.

ನಾನು ಸುದ್ದಿಯನ್ನು ಅಳಿಸಿದೆ. ಇದು ಆ ರಾತ್ರಿಯ ಎರಡನೆಯ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ದೊಡ್ಡದು. ಅಳಿಸಿದರೆ ನಮ್ಮಲ್ಲಿ ಅದು ಕಾಣುವುದಿಲ್ಲ, ಆದರೆ ಆಗಲೇ ಓದಿದವರಿಗೆ ಅದು ಸುಳ್ಳೆಂದು ತಿಳಿಯುವುದೂ ಇಲ್ಲ. ಸ್ಕ್ರೀನ್‌ಶಾಟುಗಳು ನಮ್ಮ ಪತ್ರಿಕೆಯ ಹೆಸರು ಹೊತ್ತು ಓಡಾಡುತ್ತಲೇ ಇದ್ದವು. ಮರುದಿನ ಬೆಳಿಗ್ಗೆ ಹೊಸನಗರ ಕಡೆಯ ತಾಯಿಯೊಬ್ಬರು ಕಚೇರಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು. ರಜೆ ಎಂದು ನಂಬಿ ಮಗಳನ್ನು ಶಾಲೆಗೆ ಕಳಿಸಿರಲಿಲ್ಲ, ಅಂದು ಅವಳಿಗೆ ಕಿರುಪರೀಕ್ಷೆಯಿತ್ತು. ‘ಬೇರೆಯವರು ಕಳಿಸಿದ್ದಾದರೆ ನಂಬುತ್ತಿರಲಿಲ್ಲ, ನಿಮ್ಮ ಪೇಪರಿನ ಹೆಸರಿತ್ತು ಅಂತ ನಂಬಿದೆ’ ಎಂದರು. ಅದಾಗಿ ಇಷ್ಟು ವರ್ಷ ಕಳೆದರೂ ಆ ಮಾತು ನನಗೆ ಅಕ್ಷರಶಃ ನೆನಪಿದೆ. ಹಿಂದಿನ ವರ್ಷ, 2018ರ ಜುಲೈಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು ಯುವ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಾಗ ಅಚ್ಚಿನ ಪುಟಕ್ಕೆ ಆ ಸುದ್ದಿಯನ್ನು ತಿದ್ದಿ ಕೊಟ್ಟವಳು ನಾನೇ. ದಾಟಿಸುವ ಮೊದಲು ಕೇಳಿ ತಿಳಿಯಿರಿ ಎಂದು ಅದರ ಪಕ್ಕದಲ್ಲಿ ಬಾಕ್ಸ್ ಕೂಡ ಹಾಕಿದ್ದೆ. ಆ ಘಟನೆಯ ಬೆನ್ನಿಗೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ತಂದಿತು. ಪತ್ರಿಕೆಯ ನೋಟಿಫಿಕೇಶನ್‌ಗೆ ಅಂತಹ ಮಿತಿಯಿಲ್ಲ. ಮಿತಿ ಹಾಕಿಕೊಳ್ಳಬೇಕಾದವರು ನಾವೇ.

ಆ ಸಂಜೆ ಅಚ್ಚಿನ ಡೆಸ್ಕು, ಡಿಜಿಟಲ್ ಡೆಸ್ಕು ಒಟ್ಟಿಗೆ ಕುಳಿತು ಒಂದು ಕ್ರಮ ಮಾಡಿಕೊಂಡೆವು. ಆದೇಶದ ಫೋಟೊ ಎಷ್ಟೇ ಕಡೆಯಿಂದ ಬಂದರೂ ಆದೇಶ ಹೊರಡಿಸಿದ ಕಚೇರಿಗೆ ಒಬ್ಬರು ಫೋನ್ ಮಾಡಿ, ಮಾತಾಡಿದವರ ಹುದ್ದೆ ಮತ್ತು ಹೊತ್ತನ್ನು ದಾಖಲಿಸದೆ ಸುದ್ದಿ ಹಾಕುವಂತಿಲ್ಲ. ತಪ್ಪಾದರೆ ಸುದ್ದಿಯನ್ನು ಅಳಿಸದೆ, ಮೊದಲು ಏನೆಂದು ಬರೆದಿದ್ದೆವು, ಸರಿಯಾದದ್ದು ಏನು, ಯಾವ ಹೊತ್ತಿಗೆ ತಿದ್ದಿದೆವು ಎಂಬುದನ್ನು ಅದರ ನೆತ್ತಿಯ ಮೇಲೆಯೇ ಬರೆಯಬೇಕು. ತಪ್ಪು ಸುದ್ದಿ ನೋಟಿಫಿಕೇಶನ್ ಮೂಲಕ ಹೋಗಿದ್ದರೆ ತಿದ್ದುಪಡಿಯೂ ನೋಟಿಫಿಕೇಶನ್ ಮೂಲಕವೇ ಹೋಗಬೇಕು. ಸುಮಾರು ಒಂದೂವರೆ ವರ್ಷದ ನಂತರ, 2021ರ ಫೆಬ್ರುವರಿಯಲ್ಲಿ, ಕೇಂದ್ರ ಸರ್ಕಾರದ ಹೊಸ ಐಟಿ ನಿಯಮಗಳು ಡಿಜಿಟಲ್ ಸುದ್ದಿ ಪ್ರಕಾಶಕರು ದೂರು ಪರಿಹಾರಕ್ಕೆ ಅಧಿಕಾರಿಯನ್ನು ನೇಮಿಸಿ 15 ದಿನದೊಳಗೆ ತೀರ್ಮಾನ ತಿಳಿಸಬೇಕೆಂದು ವಿಧಿಸಿದವು. ರಜೆಯ ಸುದ್ದಿಗೆ 15 ದಿನ ಕಾಯಲಾಗದು ಎಂಬುದನ್ನು ನಾವು ಹೊಸನಗರದ ಆ ತಾಯಿಯಿಂದ ಮೊದಲೇ ಕಲಿತಿದ್ದೆವು.

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಬಸ್ಸು ನಿಂತದ್ದರಿಂದ ಬಂಡಲ್ ನಿಂತಿತು. ಕಾಗದದಿಂದ ಸೋಂಕು ಬರುತ್ತದೆಂಬ ಭಯದಿಂದ ಹಲವು ಮನೆಗಳ ಗೇಟಿಗೆ ‘ಪೇಪರ್ ಬೇಡ’ ಎಂಬ ಚೀಟಿ ಅಂಟಿತು. ಪುಟಗಳು ಅರ್ಧಕ್ಕೆ ಇಳಿದವು, ಜಾಹೀರಾತು ಪೂರ್ತಿ ಒಣಗಿತು, ಡೆಸ್ಕಿನಲ್ಲಿ ಜೊತೆಗಿದ್ದ ಮೂವರು ಕೆಲಸ ಕಳೆದುಕೊಂಡರು. ನಮ್ಮ ಡಿಜಿಟಲ್ ಓದುಗರ ಸಂಖ್ಯೆ ಮಾತ್ರ ದಿನದಿನಕ್ಕೂ ಏರಿತು, ಆದರೆ ಆ ಏರಿಕೆಯಿಂದ ಬಂದ ಹಣ ಆ ಮೂವರ ಸಂಬಳಕ್ಕೂ ಸಾಲುತ್ತಿರಲಿಲ್ಲ. ಓದುಗರಿದ್ದರೂ ಅವರ ಓದಿನಿಂದ ಹುಟ್ಟುವ ಜಾಹೀರಾತಿನ ಹಣದ ದೊಡ್ಡ ಪಾಲು ಹುಡುಕುತಾಣ, ಸಾಮಾಜಿಕ ಜಾಲತಾಣಗಳ ಕಂಪನಿಗಳಿಗೆ ಹೋಗುತ್ತದೆ. ಕನ್ನಡದ ಪುಟಕ್ಕೆ ಸಿಗುವ ದರವಂತೂ ಇಂಗ್ಲಿಷಿನದಕ್ಕಿಂತ ಕಡಿಮೆ. ಈ ಅನ್ಯಾಯಕ್ಕೆ ಪರಿಹಾರವೇನೆಂದು ಯಾರೂ ನಮಗೆ ಈವರೆಗೆ ಹೇಳಿಲ್ಲ.

2021ರ ಅಕ್ಟೋಬರ್ 29, ಶುಕ್ರವಾರ. ಅಣ್ಣ ಶಿವರಾಜ್‌ಕುಮಾರ್ ಅವರ ಚಿತ್ರ ಬಿಡುಗಡೆಯಾದ ದಿನವೇ ಪುನೀತ್ ರಾಜ್‌ಕುಮಾರ್ ಅವರನ್ನು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಮಧ್ಯಾಹ್ನದ ಹೊತ್ತಿಗೆ ಫೋನಿನ ಸ್ಟೇಟಸ್‌ಗಳಲ್ಲಿ ಹಾರ ಹಾಕಿದ ಚಿತ್ರಗಳು ಕಾಣತೊಡಗಿದವು. ನಮ್ಮ ಹುಡುಗ ನನ್ನ ಮೇಜಿನ ಬಳಿ ನಿಂತು, ‘ಮೇಡಂ, ಎಲ್ಲರೂ ಹಾಕ್ತಿದ್ದಾರೆ’ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಅವನು ಬಾಲ್ಯದಿಂದ ಅಪ್ಪುವಿನ ಅಭಿಮಾನಿ. ಆಸ್ಪತ್ರೆಗೆ ದಾಖಲಾಗಿದ್ದಾರೆ, ಸ್ಥಿತಿ ಗಂಭೀರ ಎಂಬುದಷ್ಟನ್ನೇ ಹಾಕಿ ನಾವು ಕಾದೆವು. ಆ ಹೊತ್ತಿನಲ್ಲಿ ವರ್ಷಗಳಿಂದ ಹೆಚ್ಚುಕಡಿಮೆ ಮೂಕವಾಗಿದ್ದ ಲ್ಯಾಂಡ್‌ಲೈನ್ ಬಿಡುವಿಲ್ಲದೆ ಹೊಡೆದುಕೊಂಡಿತು. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಮಾತು: ‘ಹೌದಾ?’ ಅವರೆಲ್ಲರ ಕೈಯಲ್ಲಿ ಸುದ್ದಿ ಆಗಲೇ ಇತ್ತು, ನೂರು ಕಡೆಯಿಂದ ಬಂದಿತ್ತು. ಅದು ನಿಜವೇ ಎಂದು ಕೇಳುವುದಕ್ಕೆ ಅವರು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದ್ದರು. ಅಧಿಕೃತ ಪ್ರಕಟಣೆ ಬಂದ ಮೇಲಷ್ಟೇ ಸುದ್ದಿ ಹಾಕಿದೆವು. ಹಾಕುವಾಗ ಹುಡುಗ ಅಕ್ಷರ ಕಾಣದೆ ಎರಡು ಬಾರಿ ಕನ್ನಡಕ ಒರೆಸಿಕೊಂಡ. ಮರುದಿನ ಬೆಳಿಗ್ಗೆ ಏಜೆಂಟರೆಲ್ಲ ಹೆಚ್ಚು ಪ್ರತಿ ಕೇಳಿದರು. ಎಲ್ಲವನ್ನೂ ಫೋನಿನಲ್ಲಿ ನೋಡಿ ಮುಗಿಸಿದ್ದವರು ಆ ದಿನದ ಪತ್ರಿಕೆಯನ್ನು ಕೊಂಡು, ಮಡಿಸಿ, ಜೋಪಾನವಾಗಿ ಇಟ್ಟುಕೊಂಡರು.

ಸಾಗರದ ಏಜೆಂಟರು 2023ರಲ್ಲಿ ಏಜೆನ್ಸಿ ಬಿಟ್ಟರು. ಪೇಪರ್ ಹಾಕಲು ಹುಡುಗರು ಸಿಗುತ್ತಿರಲಿಲ್ಲ, ಅವರಿಗೂ ಎಪ್ಪತ್ತು ದಾಟಿತ್ತು. ಕೊನೆಯ ಲೆಕ್ಕ ಚುಕ್ತಾ ಮಾಡಲು ಕಚೇರಿಗೆ ಬಂದವರು ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ತಮ್ಮ ನಂಬರನ್ನೂ ಸೇರಿಸಿಕೊಂಡು ಹೋದರು. ಮುಂದೆ ಎರಡು ತಿಂಗಳಿಗೆ ಒಂದು ಸಂಜೆ ಅವರ ಫೋನ್ ಬಂತು. ‘ಎಂತ ಮೇಡಂ, ರಾಶಿ ಒಂದೇ ದಿನಕ್ಕೆ 84 ಸಾವಿರ ಆಗಿದೆಯಾ?’ ನೋಡಿದರೆ 48 ಸಾವಿರ ಎಂದಿರಬೇಕಾದಲ್ಲಿ ಅಂಕಿ ಹಿಂದುಮುಂದಾಗಿತ್ತು. ಮಾರುಕಟ್ಟೆಯ ಕಚೇರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡು, ಅಂಕಿ ಸರಿಮಾಡಿ, ಮೇಲೆ ತಿದ್ದುಪಡಿಯ ಸಾಲು ಬರೆದು, ಗುಂಪಿಗೂ ಕಳಿಸಿ ಅವರಿಗೆ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಓದುತ್ತಿದ್ದರೆಂದು ಕಾಣುತ್ತದೆ. ಆಮೇಲೆ, ‘ನಾಳೆ ಬೆಳಿಗ್ಗೆ ತನಕ ಆ ಸಾಲು ತೆಗೀಬೇಡಿ, ನಮ್ಮ ಕೆಳದಿ ಕಡೆಯವರು ಫೋನ್ ನೋಡುವುದೇ ಬೆಳಿಗ್ಗೆ ಹಾಲು ಕರೆದ ಮೇಲೆ’ ಎಂದರು. ತೆಗೆಯುವುದಿಲ್ಲ ಎಂದೆ.